ಆರ್ಗನಾಯ್ಡ್ ಏಳುತ್ತಿಲ್ಲವೇ? ಮ್ಯಾಟ್ರಿಜೆಲ್ ಬಿಸಾಡುವ ಮೊದಲು ಇದನ್ನು ಓದಿ

ಮೂರನೇ ದಿನ ಇನ್‌ಕ್ಯುಬೇಟರ್‌ನಿಂದ ಪ್ಲೇಟ್ ತೆಗೆದು ಮೈಕ್ರೋಸ್ಕೋಪ್ ಕೆಳಗೆ ಇಡುತ್ತೀರಿ. ದುಂಡಗೆ ಉಬ್ಬಿದ ಆರ್ಗನಾಯ್ಡ್‌ಗಳು (ಅಂಗಾಂಶದ ಕೋಶಗಳಿಂದ ಲ್ಯಾಬಿನಲ್ಲಿ ಬೆಳೆಸುವ ಪುಟ್ಟ ಅಂಗದಂಥ ಗುಂಪುಗಳು) ಇರಬೇಕಾದ ಕಡೆ ಕಪ್ಪು ಪುಡಿಯ ಹಾಗೆ ಸತ್ತ ಕೋಶಗಳು. ಹೋದ ವಾರವೂ ಹೀಗೇ, ಅದರ ಹಿಂದಿನ ವಾರವೂ ಹೀಗೇ. ಕೋಶಗಳಿಗೆ ಆಸರೆ ಕೊಡುವ ಜೆಲ್ ಮ್ಯಾಟ್ರಿಜೆಲ್, ಅವಕ್ಕೆ ಆಹಾರ ಕೊಡುವ ದ್ರವ ಮೀಡಿಯಂ. ಲ್ಯಾಬಿನಲ್ಲಿ ಆಗ ಮೊದಲು ಬರುವ ಮಾತು "ಈ ಮ್ಯಾಟ್ರಿಜೆಲ್ ಲಾಟ್ ಸರಿ ಇಲ್ಲ". ಆಮೇಲೆ "ಮೀಡಿಯಂ ಹಳೆಯದಾಗಿದೆ". ಕೊನೆಗೆ ಎರಡನ್ನೂ ಒಟ್ಟಿಗೆ ಬದಲಾಯಿಸುತ್ತಾರೆ. ಮುಂದಿನ ಸ್ಯಾಂಪಲ್ ಬೆಳೆದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಬೆಳೆಯದಿದ್ದರೆ ತಪ್ಪು ಎಲ್ಲಿದೆ ಅಂತಲೂ ಗೊತ್ತಾಗುವುದಿಲ್ಲ.

ನಾನು ಜಠರ ಮತ್ತು ಕರುಳಿನ ಅಂಗಾಂಶದ ಲ್ಯಾಬಿನಲ್ಲಿ ಬೆಂಚ್ ಕೆಲಸ ಮಾಡುತ್ತೇನೆ. ಜೊತೆಗೆ ಸ್ಟಾಕ್, ಫ್ರೀಜರ್, ಸ್ಯಾಂಪಲ್ ಬರೋದು ಹೋಗೋದು, ಇವುಗಳ ಉಸ್ತುವಾರಿಯಲ್ಲೂ ಕೈ ಜೋಡಿಸುತ್ತೇನೆ. ಎರಡೂ ಕೆಲಸ ಮಾಡಿದ್ದರಿಂದ ನನಗೆ ಮನದಟ್ಟಾದ ವಿಷಯ ಇದು: ಬೆಂಚಿನ ಮೇಲೆ ಕಾಣುವ ದೋಷ ಬಹಳ ಸಲ ಬೆಂಚಿಗೆ ಬರುವ ಮೊದಲೇ ಹುಟ್ಟಿರುತ್ತದೆ. ಕರುಳಿನ ಮಟ್ಟಿಗಂತೂ ಇದು ಇನ್ನೂ ಜಾಸ್ತಿ. ಒಳಗಿನ ಪದರದ ಕೋಶಗಳು ಮೂರರಿಂದ ಐದು ದಿನದಲ್ಲಿ ಸತ್ತು ಹೊಸದಾಗುವಂಥವು, ಪಕ್ಕದಲ್ಲೇ ಜೀರ್ಣರಸ, ಪಕ್ಕದಲ್ಲೇ ಬ್ಯಾಕ್ಟೀರಿಯಾ. ರಕ್ತ ನಿಂತ ಕ್ಷಣದಿಂದ ಅಂಗಾಂಶ ತನ್ನನ್ನು ತಾನೇ ಜೀರ್ಣ ಮಾಡಿಕೊಳ್ಳಲು ಶುರು ಮಾಡುತ್ತದೆ. ಹಾಗಾಗಿ ಹುಡುಕಾಟವನ್ನು ರೀಏಜೆಂಟ್‌ನಿಂದ ಶುರು ಮಾಡಬೇಡಿ, ಅಂಗಾಂಶದಿಂದ ಶುರು ಮಾಡಿ.

ಮೂರು ತುಂಡು, ಮೂರು ಸಾಕ್ಷಿ

ಪ್ರತಿ ಸ್ಯಾಂಪಲ್ ಬಂದಾಗಲೂ ಮೂರು ಭಾಗ ಮಾಡಿ. ದೊಡ್ಡ ಭಾಗ ಕಲ್ಚರ್‌ಗೆ, ಅಂದರೆ ಕೋಶ ಬೆಳೆಸಲು. ಒಂದು ಸಣ್ಣ ಚೂರು ಫಾರ್ಮಲಿನ್‌ಗೆ. ಇನ್ನೊಂದು ಚೂರು ಆರ್‌ಎನ್‌ಎ ಕಾಪಾಡುವ ದ್ರಾವಣಕ್ಕೆ, ನಾವು ಬಳಸುವುದು ಆರ್‌ಎನ್‌ಎಲೇಟರ್. ಎಂಡೋಸ್ಕೋಪಿ ಬಯಾಪ್ಸಿ ಎರಡು ಮೂರು ಮಿಲಿಮೀಟರ್ ಮಾತ್ರ ಇರುತ್ತದೆ, ಅದನ್ನು ಕತ್ತರಿಸಿ ಹಂಚುವುದು ಕಷ್ಟ. ಅಲ್ಲಿ ಒಂದೇ ಜಾಗದಿಂದ ಒಂದಕ್ಕಿಂತ ಹೆಚ್ಚು ತುಂಡು ತೆಗೆಯಲು ಒಪ್ಪಿಗೆ ಪತ್ರದಲ್ಲಿ ಅವಕಾಶ ಇದೆಯಾ ಅಂತ ಮೊದಲೇ ನೋಡಿಟ್ಟುಕೊಳ್ಳಿ. ರೋಗ ಪತ್ತೆಗೆ ಬೇಕಾದ ತುಂಡಿಗೇ ಯಾವಾಗಲೂ ಮೊದಲ ಪಾಲು, ನಮ್ಮದು ಆಮೇಲೆ. ಇದರಲ್ಲಿ ರಾಜಿ ಇಲ್ಲ.

ಸಾಕ್ಷಿಯ ತುಂಡುಗಳನ್ನು ಪ್ರತಿ ಸಲ ಪ್ರೊಸೆಸ್ ಮಾಡಬೇಕಾಗಿಲ್ಲ. ಫಾರ್ಮಲಿನ್ ತುಂಡನ್ನು ಪ್ಯಾರಾಫಿನ್ ಮೇಣದ ಬ್ಲಾಕ್ ಮಾಡಿ ಇಟ್ಟುಬಿಡಿ, ಬೇಕಾದಾಗ ಕತ್ತರಿಸಿ ಸ್ಲೈಡ್ ಮಾಡಬಹುದು. ಆರ್‌ಎನ್‌ಎ ತುಂಡು ಒಂದು ರಾತ್ರಿ 4 ಡಿಗ್ರಿಯಲ್ಲಿ ನೆನೆದ ಮೇಲೆ ದ್ರಾವಣದಿಂದ ತೆಗೆದು ಮೈನಸ್ 80ಕ್ಕೆ ಹೋಗಲಿ. ಕಲ್ಚರ್ ಕೈಕೊಟ್ಟಾಗ ಮಾತ್ರ ಅವನ್ನು ತೆಗೆದು ನೋಡಿದರೆ ಸಾಕು. ಖರ್ಚು ಬಹಳ ಕಡಿಮೆ, ಸಿಗುವ ಮಾಹಿತಿ ಮಾತ್ರ ಬೇರೆ ಯಾವ ದಾರಿಯಿಂದಲೂ ಸಿಗುವಂಥದ್ದಲ್ಲ.

ಈಗ ಓದುವ ಬಗೆ. ಮೂರೂ ಕೆಟ್ಟಿದ್ದರೆ ತಪ್ಪು ಲ್ಯಾಬಿನ ಬಾಗಿಲಿಗೆ ಬರುವ ಮೊದಲೇ ಆಗಿದೆ. ಸ್ಲೈಡ್ ಮತ್ತು ಆರ್‌ಎನ್‌ಎ ಚೆನ್ನಾಗಿದ್ದು ಕಲ್ಚರ್ ಮಾತ್ರ ಸತ್ತಿದ್ದರೆ ಮೀಡಿಯಂ, ಜೆಲ್, ಇಡಿಟಿಎ (ಕೋಶಗಳ ನಡುವಿನ ಅಂಟು ಬಿಡಿಸುವ ರಾಸಾಯನಿಕ), ಇನ್‌ಕ್ಯುಬೇಟರ್ ಕಡೆ ತಿರುಗಿ. ಆರ್‌ಎನ್‌ಎ ಮಾತ್ರ ಕೆಟ್ಟಿದ್ದರೆ ಆ ಚೂರನ್ನು ಇಟ್ಟ ರೀತಿ ಅಥವಾ ಎಕ್ಸ್‌ಟ್ರಾಕ್ಷನ್ ತಪ್ಪು. ಸ್ಲೈಡ್ ಮಾತ್ರ ಕೆಟ್ಟಿದ್ದರೆ ಫಿಕ್ಸೇಷನ್ (ಫಾರ್ಮಲಿನ್‌ನಲ್ಲಿ ಅಂಗಾಂಶವನ್ನು ಕೆಡದಂತೆ ಹಿಡಿದಿಡುವುದು) ಅಥವಾ ಬ್ಲಾಕ್ ಕೂರಿಸಿದ ದಿಕ್ಕು. ಇನ್ನೊಂದು ವಿಚಿತ್ರ ಜೋಡಿ ಇದೆ: ಸ್ಲೈಡ್ ತುಂಬಾ ಸುಂದರ, ಆದರೆ ಕಲ್ಚರ್ ಮೊದಲ ದಿನವೇ ಸಂಪೂರ್ಣ ಸತ್ತಿದೆ, ಆರ್‌ಎನ್‌ಎ ಕೂಡ ಸರಿಯಾಗಿ ಬರುತ್ತಿಲ್ಲ. ಇದನ್ನು ಕಂಡರೆ ಫಾರ್ಮಲಿನ್ ಮೇಲೆ ಅನುಮಾನ ಪಡಿ. ಬಯಾಪ್ಸಿ ಫೋರ್ಸೆಪ್ಸ್ ಮೊದಲು ಫಾರ್ಮಲಿನ್ ಡಬ್ಬಿಗೆ ಅದ್ದಿ ಆಮೇಲೆ ಅದೇ ತುದಿ ನಿಮ್ಮ ಟ್ಯೂಬಿಗೆ ಬಂದಿರುತ್ತದೆ. ಒಂದು ಹನಿಯೂ ಬೇಡ, ತುದಿಯಲ್ಲಿ ಅಂಟಿದ್ದೇ ಸಾಕು. ಸಂಶೋಧನೆಯ ತುಂಡನ್ನು ಬೇರೆ ಸ್ವಚ್ಛ ಸೂಜಿಯಿಂದ ಬಿಡಿಸಿಕೊಡಲು ಎಂಡೋಸ್ಕೋಪಿ ಸಿಬ್ಬಂದಿಯನ್ನು ಕೇಳಿಕೊಳ್ಳಿ, ಕಾರಣ ಹೇಳಿ ಕೇಳಿಕೊಳ್ಳಿ. ಕಾರಣ ಗೊತ್ತಾದರೆ ಅವರೇ ನಮಗಿಂತ ಚೆನ್ನಾಗಿ ನೋಡಿಕೊಳ್ಳುತ್ತಾರೆ.

ನಮಗೆ ಆದದ್ದು

ಒಂದು ಸಲ ದೊಡ್ಡ ಕರುಳಿನ ಐದು ಸ್ಯಾಂಪಲ್ ಸಾಲಾಗಿ ಹೋದವು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಭಾಗದ ಅಂಚಿನಿಂದ ಸಿಗುವ ಅಂಗಾಂಶ ಅದು. ಮೊದಲ ಎರಡು ಹೋದಾಗ ಜೆಲ್ ಮೇಲೆ ಹೊರಿಸಿದೆವು. ಹೊಸ ಲಾಟ್ ಬಂತು, ಮೂರನೆಯದೂ ಹೋಯಿತು. ಆಗ ಯಾರೋ "ದಾರಿಯಲ್ಲಿ ಬಿಸಿಯಾಗುತ್ತಿದೆ, ತಡವಾಗುತ್ತಿದೆ" ಅಂದರು. ಕೇಳಲು ಸರಿ ಅನ್ನಿಸಿತು. ಥರ್ಮೋಕೋಲ್ ಬಾಕ್ಸಿನಲ್ಲಿ ಐಸ್ ಪ್ಯಾಕ್ ಎರಡರ ಜಾಗದಲ್ಲಿ ನಾಲ್ಕು ಆದವು. ನಾಲ್ಕನೆಯದು, ಐದನೆಯದು ಇನ್ನೂ ಕೆಟ್ಟದಾಗಿ ಹೋದವು.

ಆಮೇಲೆ ಬ್ಲಾಕ್‌ಗಳನ್ನು ಕತ್ತರಿಸಿ ನೋಡಿದೆವು. ತಡವಾಗಿ ಕೊಳೆತ ಅಂಗಾಂಶ ಹೇಗೆ ಕಾಣುತ್ತದೆ ಅಂತ ನಮಗೆ ಗೊತ್ತಿತ್ತು. ಮೇಲ್ಪದರ ಮೊದಲು ಸಿಪ್ಪೆಯ ಹಾಗೆ ಎದ್ದು ಬರುತ್ತದೆ, ನ್ಯೂಕ್ಲಿಯಸ್ ಮಸುಕಾಗುತ್ತದೆ, ಸಣ್ಣ ಕರುಳಾದರೆ ವಿಲ್ಲೈಗಳ (ಒಳಗೋಡೆಯ ಬೆರಳಿನಂಥ ಚಾಚುಗಳ) ತುದಿ ಮೊದಲು ಹೋಗುತ್ತದೆ, ಕ್ರಿಪ್ಟ್‌ಗಳ (ಒಳಪದರದ ಸಣ್ಣ ಗುಳಿಗಳ) ತಳ ಕೊನೆಯವರೆಗೂ ಉಳಿಯುತ್ತದೆ. ನಮ್ಮ ಸ್ಲೈಡ್‌ನಲ್ಲಿ ಅದು ಇರಲಿಲ್ಲ. ಅಲ್ಲಿ ಇದ್ದದ್ದು ತೂತುಗಳು. ತುಂಡಿನ ಒಂದು ಬದಿಯಿಂದ ಒಳಕ್ಕೆ, ಅಂಗಾಂಶವನ್ನು ಹರಿದ ಹಾಗೆ ಖಾಲಿ ಖಾಲಿ ಜಾಗ, ಮೇಲಿನಿಂದ ತಳದವರೆಗೆ ಎಲ್ಲ ಕಡೆ ಒಂದೇ ಸಮ. ಇದು ಹೆಪ್ಪುಗಟ್ಟಿ ಕರಗಿದ ಅಂಗಾಂಶದ ಗುರುತು. ಐಸ್ ಹರಳು ಕೋಶಗಳನ್ನು ಒಡೆದು ಹೋಗಿತ್ತು. ಕೋಶ ಒಡೆದಾಗ ಒಳಗಿದ್ದ ಆರ್‌ಎನ್‌ಎ ಕತ್ತರಿಸುವ ಕಿಣ್ವಗಳೂ ಹೊರಬರುತ್ತವೆ, ಹಾಗಾಗಿ ಆರ್‌ಎನ್‌ಎ ಕೂಡ ಚೂರುಚೂರು.

ಐಸ್ ಪ್ಯಾಕ್ ಎಲ್ಲಿಂದ ಬರುತ್ತಿದ್ದವು ಅಂತ ವಿಚಾರಿಸಿದರೆ, ಫ್ರಿಜ್ ರಿಪೇರಿಗೆ ಹೋಗಿದ್ದ ದಿನದಿಂದ ಅವನ್ನು ಮೈನಸ್ 80ರ ಡೀಪ್ ಫ್ರೀಜರ್‌ನಲ್ಲಿ ಇಡುತ್ತಿದ್ದರು. ಟ್ಯೂಬ್ ನೇರ ಅದಕ್ಕೆ ತಾಗಿ ಕೂತಿತ್ತು. ತಪ್ಪು ಮಾಡಿದವರು ಯಾರೂ ಇಲ್ಲ, ತಂಪು ಜಾಸ್ತಿ ಆದಷ್ಟು ಒಳ್ಳೆಯದು ಅಂತ ಎಲ್ಲರೂ ನಂಬಿದ್ದೆವು. ನಾವೇ ಪ್ಯಾಕ್ ಜಾಸ್ತಿ ಮಾಡಿ ಕೆಡುಕನ್ನು ಹೆಚ್ಚಿಸಿದೆವು. ಆ ಐದು ಜನ ಒಪ್ಪಿ ಕೊಟ್ಟಿದ್ದ ಅಂಗಾಂಶ ಅದು, ಮತ್ತೆ ಸಿಗುವಂಥದ್ದಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಲಸಿಕೆ ಸಾಗಿಸುವವರು ಇದನ್ನು ಎಷ್ಟೋ ಕಾಲದಿಂದ ಮಾಡುತ್ತಿದ್ದಾರೆ: ಐಸ್ ಪ್ಯಾಕನ್ನು ಫ್ರೀಜರ್‌ನಿಂದ ತೆಗೆದು ಹೊರಗೆ ಇಟ್ಟು, ಅಲ್ಲಾಡಿಸಿದರೆ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯುತ್ತಾರೆ. ಆಗ ಅದು ಸೊನ್ನೆ ಡಿಗ್ರಿಯ ಹತ್ತಿರ ಇರುತ್ತದೆ. ಹೀಗೆ ಮಾಡಿ. ಟ್ಯೂಬಿಗೂ ಪ್ಯಾಕಿಗೂ ನಡುವೆ ದಪ್ಪ ರಟ್ಟೋ ಫೋಮೋ ಇಡಿ. ಇಲ್ಲವೇ ಕರಗುತ್ತಿರುವ ಐಸ್ ಚೂರಿನಲ್ಲಿ ಟ್ಯೂಬ್ ಇಡಿ, ನೀರು ಕಾಣುತ್ತಿರುವ ಐಸ್ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ. ಬಾಕ್ಸಿನೊಳಗೆ ಒಂದು ಸಣ್ಣ ತಾಪಮಾನ ಲಾಗರ್ ಹಾಕಿ. ಅದನ್ನು ಟ್ಯೂಬಿನ ಪಕ್ಕದಲ್ಲೇ ಇಡಬೇಕು, ಮುಚ್ಚಳದ ಹತ್ತಿರ ಇಟ್ಟರೆ ಉಪಯೋಗ ಇಲ್ಲ.

ಸಮಯ ಬರೆಯುವ ಸಮಸ್ಯೆ

ಮೂರೂ ಸಾಕ್ಷಿ ಕೆಟ್ಟಿದ್ದು ಸ್ಲೈಡ್ ಕೊಳೆತಿದ್ದನ್ನೇ ತೋರಿಸಿದರೆ, ಆಗ ನಿಜಕ್ಕೂ ತಡ. ಫಾರಂ ನೋಡಿದರೆ ಎಲ್ಲ ಸರಿ ಇದೆ ಅನ್ನಿಸಬಹುದು, ಸಂಗ್ರಹ 10:40, ತಲುಪಿದ್ದು 11:05. ಆದರೆ 10:40 ಅಂದರೆ ಯಾವ 10:40? ಬಹಳ ಕಡೆ ಅದು ಲೇಬಲ್ ಪ್ರಿಂಟ್ ಆದ ಹೊತ್ತು. ಸರ್ಜನ್ ರಕ್ತನಾಳ ಕಟ್ಟಿದ್ದು ಅದಕ್ಕಿಂತ ಎಷ್ಟೋ ಮೊದಲು. ಕರುಳಿನ ಶಸ್ತ್ರಚಿಕಿತ್ಸೆಯಲ್ಲಿ ನಾಳ ಕಟ್ಟಿದ ಮೇಲೂ ಭಾಗ ದೇಹದೊಳಗೆ ಬೆಚ್ಚಗೆ ಇರುತ್ತದೆ, ಆ ಬೆಚ್ಚಗಿನ ಹೊತ್ತೇ ಹೆಚ್ಚು ಹಾಳು ಮಾಡುವುದು. ಅದನ್ನು ಕಡಿಮೆ ಮಾಡುವುದು ನಮ್ಮ ಕೈಯಲ್ಲಿಲ್ಲ, ಕೇಳಲೂಬಾರದು, ರೋಗಿಯ ಚಿಕಿತ್ಸೆಯ ಮುಂದೆ ನಮ್ಮ ಪ್ರಯೋಗ ಏನೂ ಅಲ್ಲ. ಆದರೆ ಬರೆದಿಡಲು ಕೇಳಬಹುದು. ನಮ್ಮ ಫಾರಂನಲ್ಲಿ ಈಗ ನಾಲ್ಕು ಸಮಯ ಇವೆ: ನಾಳ ಕಟ್ಟಿದ್ದು, ಭಾಗ ಹೊರಬಂದದ್ದು, ತಣ್ಣನೆಯ ದ್ರಾವಣಕ್ಕೆ ಹಾಕಿದ್ದು, ಬೆಂಚಿಗೆ ಬಂದದ್ದು. ಮೊದಲನೆಯದು ಎಷ್ಟೋ ಸಲ ಖಾಲಿ ಬರುತ್ತದೆ. ಪರವಾಗಿಲ್ಲ. ಊಹಿಸಿ ತುಂಬಿದ ಸಮಯಕ್ಕಿಂತ ಖಾಲಿ ಜಾಗ ಮೇಲು.

ಕಲ್ಚರ್ ಮಾತ್ರ ಸತ್ತಿದ್ದರೆ

ಯಾವಾಗ ಸತ್ತಿತು ಅನ್ನೋದೇ ಇಲ್ಲಿ ದೊಡ್ಡ ಸುಳಿವು. ಅದಕ್ಕೇ ಪ್ಲೇಟನ್ನು ಮೂರನೇ ದಿನದವರೆಗೆ ಮುಚ್ಚಿಡಬೇಡಿ, ಮೊದಲ ದಿನವೇ ಒಂದು ಫೋಟೋ ತೆಗೆಯಿರಿ.

ಮೊದಲ 24 ಗಂಟೆಯಲ್ಲೇ ಸತ್ತಿದ್ದರೆ, ಆರ್ಗನಾಯ್ಡ್ ಬೆಳೆಸಲು ಅಂಗಾಂಶದಿಂದ ಕ್ರಿಪ್ಟ್ ಬಿಡಿಸುವಾಗ ಏನೋ ಆಗಿದೆ. ಇಡಿಟಿಎ ಮೊದಲು ನೋಡಿ. ಅದು ಕ್ಯಾಲ್ಸಿಯಂ ಹಿಡಿದುಕೊಂಡು ಕೋಶಗಳ ನಡುವಿನ ಅಂಟು ಬಿಡಿಸುತ್ತದೆ, ಹಾಗಾಗಿ ಬಫರ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಇರಬಾರದು. ಒಂದೇ ಕಂಪನಿಯ ಪಿಬಿಎಸ್ (ಉಪ್ಪಿನ ಬಫರ್) ಎರಡು ಬಗೆಯಲ್ಲಿ, ಒಂದೇ ತರದ ಬಾಟಲಿಯಲ್ಲಿ ಬರುತ್ತದೆ. ಕ್ಯಾಲ್ಸಿಯಂ ಇರುವ ಬಾಟಲಿ ತೆಗೆದುಕೊಂಡರೆ ಕ್ರಿಪ್ಟ್ ಬಿಡುವುದೇ ಇಲ್ಲ, ನೀವು ಜೋರಾಗಿ ಕುಲುಕುತ್ತೀರಿ, ಬಂದದ್ದು ಮುರಿದು ಬರುತ್ತದೆ. ಉಲ್ಟಾ ಆದರೂ ಕಷ್ಟ: ಇಡಿಟಿಎಯಲ್ಲಿ ಹೊತ್ತು ಜಾಸ್ತಿ ಬಿಟ್ಟರೆ, ಅಥವಾ ಕೊನೆಯಲ್ಲಿ ಸರಿಯಾಗಿ ತೊಳೆಯದಿದ್ದರೆ, ಕ್ರಿಪ್ಟ್ ಒಂಟಿ ಕೋಶಗಳಾಗಿ ಬಿಚ್ಚಿಹೋಗುತ್ತದೆ. ಕರುಳಿನ ಒಂಟಿ ಕೋಶ ಆಸರೆ ತಪ್ಪಿದರೆ ತಾನೇ ಸಾಯುತ್ತದೆ. ಅದನ್ನು ತಡೆಯಲೆಂದೇ ವೈ-27632 ಎಂಬ ರಾಸಾಯನಿಕ ಹಾಕುವುದು, ಸಾಮಾನ್ಯವಾಗಿ 10 ಮೈಕ್ರೋಮೋಲಾರ್, ಮೊದಲ ಎರಡು ದಿನ. ಗಡಿಯಾರ ನೋಡಿ ನಿಲ್ಲಿಸುವುದಕ್ಕಿಂತ ಮೈಕ್ರೋಸ್ಕೋಪ್ ನೋಡಿ ನಿಲ್ಲಿಸಿ. ಕುಲುಕಿದ ಪ್ರತಿ ಸಲದ ದ್ರವದಿಂದ ಒಂದು ಹನಿ ನೋಡಿ. ಮೊದಮೊದಲು ಲೋಳೆ, ಮೇಲ್ಪದರದ ಚೂರು ಬರುತ್ತವೆ. ಆಮೇಲೆ ಬೆರಳಿನ ಆಕಾರದ ಇಡೀ ಕ್ರಿಪ್ಟ್‌ಗಳು ಬರಲು ಶುರುವಾಗುತ್ತವೆ. ಅವೇ ಬೇಕಾದದ್ದು.

ಆಮೇಲೆ ಜೆಲ್. ಮ್ಯಾಟ್ರಿಜೆಲ್ 10 ಡಿಗ್ರಿ ದಾಟಿದರೆ ಗಟ್ಟಿಯಾಗಲು ಶುರು. ರಾತ್ರಿಯಿಡೀ 4 ಡಿಗ್ರಿಯಲ್ಲಿ, ಐಸ್ ಮೇಲೆ ಕರಗಬೇಕು, ತಣ್ಣಗಿನ ಟಿಪ್‌ನಿಂದಲೇ ತೆಗೆಯಬೇಕು. ಪ್ಲೇಟ್ ಮಾತ್ರ ಬೆಚ್ಚಗಿರಬೇಕು, 37 ಡಿಗ್ರಿ. ಡೋಮ್ (ಪ್ಲೇಟಿನ ಮೇಲೆ ಇಟ್ಟ ಜೆಲ್ ಹನಿ) ಹರಡಿಹೋದರೆ ಪ್ಲೇಟ್ ತಣ್ಣಗಿತ್ತು ಅಥವಾ ಜೆಲ್ ತೆಳುವಾಯಿತು ಅಂತ ಅರ್ಥ. ಡೋಮಿನೊಳಗೆ ಮುದ್ದೆ ಮುದ್ದೆ ಕಂಡರೆ ಜೆಲ್ ಮೊದಲೇ ಟ್ಯೂಬಿನಲ್ಲಿ ಗಟ್ಟಿಯಾಗಿತ್ತು. ಎಲ್ಲ ಕ್ರಿಪ್ಟ್ ತಳದಲ್ಲಿ ಕೂತು ಚಪ್ಪಟೆಯಾಗಿ ಹರಡಿದ್ದರೆ, ಗಟ್ಟಿಯಾಗುವ ಹೊತ್ತಿನಲ್ಲಿ ಪ್ಲೇಟನ್ನು ಬೋರಲು ಹಾಕುವುದನ್ನು ಮರೆತಿದ್ದೀರಿ.

ಎರಡು ಮೂರು ದಿನ ಚೆನ್ನಾಗಿ ಉಬ್ಬಿ ಆಮೇಲೆ ನಿಂತುಹೋದರೆ ಕಥೆ ಬೇರೆ. ಅಂಗಾಂಶ ಒಳ್ಳೆಯದೇ ಇತ್ತು, ಬೆಳೆಸುವ ಅಂಶ ಸಾಲದೆ ಹೋಯಿತು. 2009ರಲ್ಲಿ ತೋಶಿರೋ ಸಾತೋ ಮತ್ತು ಹಾನ್ಸ್ ಕ್ಲೆವರ್ಸ್ ಅವರ ತಂಡ ಇಲಿಯ ಸಣ್ಣ ಕರುಳಿನಿಂದ ಆರ್ಗನಾಯ್ಡ್ ಬೆಳೆಸಿದಾಗ ಇಜಿಎಫ್, ನಾಗಿನ್, ಆರ್-ಸ್ಪಾಂಡಿನ್ ಎಂಬ ಬೆಳೆಸುವ ಪ್ರೋಟೀನ್‌ಗಳು ಮೂರೇ ಸಾಕಾಗಿತ್ತು. ಅಲ್ಲಿ ಕ್ರಿಪ್ಟ್ ತಳದ ಪ್ಯಾನೆತ್ ಕೋಶಗಳು ತಾವೇ ವಿಂಟ್ (ಬೆಳೆಯಲು ಸಂಕೇತ ಕೊಡುವ ಪ್ರೋಟೀನ್) ಒದಗಿಸುತ್ತವೆ. ದೊಡ್ಡ ಕರುಳಿನಲ್ಲಿ ಆ ಕೋಶಗಳಿಲ್ಲ. 2011ರಲ್ಲಿ ಮಾನವ ಕರುಳಿನದು ಬೆಳೆದದ್ದು ವಿಂಟ್, ನಿಕೋಟಿನಮೈಡ್, ಜೊತೆಗೆ ಎರಡು ತಡೆಗಾರ ಔಷಧ ಹೊರಗಿನಿಂದ ಕೊಟ್ಟ ಮೇಲೆ. ಹಾಗಾಗಿ ಇಲಿಯ ಮೀಡಿಯಂನಲ್ಲಿ ಮಾನವನ ಕ್ರಿಪ್ಟ್ ಹಾಕಿದರೆ ಅದು ಉಳಿಯುವುದಿಲ್ಲ. ಹೊಸಬರು ಬಂದ ಲ್ಯಾಬಿನಲ್ಲಿ ಈ ಬಾಟಲಿ ಅದಲುಬದಲು ಆಗುತ್ತಲೇ ಇರುತ್ತದೆ, ಮುಚ್ಚಳಕ್ಕೆ ಬೇರೆ ಬಣ್ಣದ ಟೇಪ್ ಹಚ್ಚಿ. ವಿಂಟ್ ಪ್ರೋಟೀನ್ ಬಹಳ ಸೂಕ್ಷ್ಮ, ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದರೆ ಕೆಲಸ ನಿಲ್ಲಿಸುತ್ತದೆ. ವಿಂಟ್ ಸ್ರವಿಸುವ ಕೋಶಗಳಿಂದ ತೆಗೆದ ಕಂಡೀಷನ್ಡ್ ಮೀಡಿಯಂ ಬಳಸುವವರು ಪ್ರತಿ ಬ್ಯಾಚನ್ನು, ವಿಂಟ್ ಕೆಲಸ ಮಾಡುತ್ತಿದೆಯಾ ಅಂತ ತೋರಿಸುವ ರಿಪೋರ್ಟರ್ ಕೋಶದಲ್ಲಿ ಪರೀಕ್ಷಿಸಿ, ಒಂದು ಸಲಕ್ಕಾಗುವಷ್ಟು ಸಣ್ಣ ಟ್ಯೂಬ್‌ಗಳಲ್ಲಿ ಹಂಚಿ ಇಡಿ.

ಜೆಲ್ಲೋ ಮೀಡಿಯಮ್ಮೋ ಅಂತ ಬೇರ್ಪಡಿಸಲು ಹೊಸ ಸ್ಯಾಂಪಲ್ ಬಲಿ ಕೊಡಬೇಡಿ. ಚೆನ್ನಾಗಿ ಬೆಳೆಯುವ ಒಂದು ಹಳೆಯ ಆರ್ಗನಾಯ್ಡ್ ಲೈನ್ ಲಿಕ್ವಿಡ್ ನೈಟ್ರೋಜನ್‌ನಲ್ಲಿ ಇರಲಿ, ಅದೇ ನಿಮ್ಮ ಅಳತೆಗೋಲು. ಅದನ್ನು ಎಬ್ಬಿಸಿ, ಚೇತರಿಸಿಕೊಂಡ ಮೇಲೆ ನಾಲ್ಕು ವೆಲ್‌ಗೆ ಹಾಕಿ: ಹಳೆ ಜೆಲ್ ಹಳೆ ಮೀಡಿಯಂ, ಹಳೆ ಜೆಲ್ ಹೊಸ ಮೀಡಿಯಂ, ಹೊಸ ಜೆಲ್ ಹಳೆ ಮೀಡಿಯಂ, ಎರಡೂ ಹೊಸದು. ಒಂದು ವಾರದಲ್ಲಿ ಉತ್ತರ ಸಿಗುತ್ತದೆ. ಇದಕ್ಕಾಗಿ ಹಳೆ ಲಾಟ್‌ನ ಒಂದು ಟ್ಯೂಬ್ ಯಾವಾಗಲೂ ಪಕ್ಕಕ್ಕೆ ಇಟ್ಟಿರಬೇಕು, ಕೊನೆಯ ಹನಿಯವರೆಗೂ ಬಳಸಿ ಮುಗಿಸಬಾರದು. ನಾಲ್ಕರಲ್ಲೂ ಸತ್ತರೆ ಇನ್‌ಕ್ಯುಬೇಟರ್ ನೋಡಿ. ಪರದೆಯ ಮೇಲೆ 5 ಶೇಕಡಾ ಕಾರ್ಬನ್ ಡೈಆಕ್ಸೈಡ್ ಅಂತ ಬರೆದಿದ್ದರೂ ಒಳಗೆ ಅಷ್ಟೇ ಇದೆ ಅಂತ ಗ್ಯಾರಂಟಿ ಇಲ್ಲ, ಸೆನ್ಸರ್ ಹಳೆಯದಾದರೆ ತಪ್ಪು ತೋರಿಸುತ್ತದೆ. ಬೇರೆ ಮೀಟರ್‌ನಿಂದ ಅಳೆಯಿರಿ. ಕೋಶ ಇಲ್ಲದ ಮೀಡಿಯಂ ರಾತ್ರಿಯಿಡೀ ಒಳಗಿದ್ದೂ ನೇರಳೆ ಬಣ್ಣಕ್ಕೆ ತಿರುಗಿದ್ದರೆ ಗ್ಯಾಸ್ ಸಾಲದು.

ಮೋಡ ಕವಿದ ಮೀಡಿಯಂ

ಕರುಳಿನ ಅಂಗಾಂಶ ಬ್ಯಾಕ್ಟೀರಿಯಾ ಸಮೇತವೇ ಬರುತ್ತದೆ, ಅದನ್ನು ಒಪ್ಪಿಕೊಂಡೇ ಕೆಲಸ ಮಾಡಬೇಕು. ಒಂದೆರಡು ದಿನದಲ್ಲಿ ಮೀಡಿಯಂ ಮಂಕಾದರೆ ತೊಳೆದದ್ದು ಸಾಲಲಿಲ್ಲ. ಆ್ಯಂಟಿಬಯಾಟಿಕ್ ಹೆಚ್ಚಿಸುವ ಮೊದಲು ತೊಳೆಯುವುದನ್ನು ಹೆಚ್ಚಿಸಿ: ತಣ್ಣನೆಯ ಬಫರ್, ಪ್ರತಿ ಸಲ ಹೊಸ ಟ್ಯೂಬ್, ನೀರು ತಿಳಿಯಾಗುವವರೆಗೆ. ಲೋಳೆ ಜಾಸ್ತಿ ಇದ್ದರೆ ಸ್ವಲ್ಪ ಹೊತ್ತು ಲೋಳೆ ಬಿಡಿಸುವ ಡಿಟಿಟಿ ಹಾಕಿ, ಲೋಳೆಯೊಳಗೇ ಬ್ಯಾಕ್ಟೀರಿಯಾ ಅವಿತಿರುತ್ತವೆ. ಎಲ್ಲರ ಪ್ಲೇಟಿನಲ್ಲೂ ಒಂದೇ ವಾರ ಮಂಕಾದರೆ ಅಂಗಾಂಶದ ತಪ್ಪಲ್ಲ, ಹಂಚಿಕೊಂಡ ಯಾವುದೋ ಬಾಟಲಿ ಅಥವಾ ಇನ್‌ಕ್ಯುಬೇಟರ್‌ನ ನೀರಿನ ತಟ್ಟೆ. ಮೀಡಿಯಂ ತಿಳಿಯಾಗಿಯೇ ಇದ್ದು ಬೆಳವಣಿಗೆ ಮಾತ್ರ ನಿಧಾನವಾದರೆ ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾದ ಪರೀಕ್ಷೆ ಮಾಡಿಸಿ. ಅದಕ್ಕೆ ಕೋಶಗೋಡೆ ಇಲ್ಲ, ಪೆನಿಸಿಲಿನ್ ತಾಗುವುದಿಲ್ಲ. 0.2 ಮೈಕ್ರಾನ್ ಫಿಲ್ಟರ್‌ನಿಂದಲೂ ನುಸುಳಬಲ್ಲದು. ಮಾಮೂಲಿ ಮೈಕ್ರೋಸ್ಕೋಪ್‌ನಲ್ಲಿ ಕಾಣುವುದಿಲ್ಲ, ಪಿಸಿಆರ್ ಬೇಕು.

ಆರ್‌ಎನ್‌ಎ ಅಥವಾ ಸ್ಲೈಡ್ ಮಾತ್ರ ಕೆಟ್ಟಿದ್ದರೆ

ಬೆಳಕು ಹೀರುವುದನ್ನು ಅಳೆಯುವ 260/280 ಅನುಪಾತ 2ರ ಹತ್ತಿರ ಬಂತು, ಹಾಗಾಗಿ ಆರ್‌ಎನ್‌ಎ ಚೆನ್ನಾಗಿದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅದು ಶುದ್ಧತೆಯ ಲೆಕ್ಕ. ಚೂರುಚೂರಾದ ಆರ್‌ಎನ್‌ಎ ಕೂಡ 2 ತೋರಿಸುತ್ತದೆ. ಇಡಿಯಾಗಿದೆಯಾ ಅಂತ ಹೇಳುವುದು ರಿನ್ ಅಂಕ, 1ರಿಂದ 10ರವರೆಗೆ. ಅಂಕ ಕಡಿಮೆ ಬಂದು ಸ್ಲೈಡ್ ಚೆನ್ನಾಗಿದ್ದರೆ ತುಂಡಿನ ದಪ್ಪ ನೋಡಿ. ಆರ್‌ಎನ್‌ಎಲೇಟರ್‌ಗೆ ಹಾಕುವ ತುಂಡು ಒಂದು ಕಡೆಯಾದರೂ ಅರ್ಧ ಸೆಂಟಿಮೀಟರ್‌ಗಿಂತ ತೆಳ್ಳಗಿರಬೇಕು, ಇಲ್ಲದಿದ್ದರೆ ಒಳಗೆ ಇಳಿಯುವ ಮೊದಲೇ ನಡುಭಾಗ ಹೋಗಿರುತ್ತದೆ. ಹಾಕಿದ ತಕ್ಷಣ ಮೈನಸ್ 80ಕ್ಕೆ ತಳ್ಳುವುದೂ ಅದೇ ತಪ್ಪು, ನೆನೆಯಲು ಬಿಡಬೇಕು.

ಸ್ಲೈಡ್‌ನಲ್ಲಿ ನಡುಭಾಗ ಮಾತ್ರ ಮಸುಕಾಗಿದ್ದರೆ ಫಾರ್ಮಲಿನ್ ಒಳಗೆ ಹೋಗಿಲ್ಲ. ಅದು ನಿಧಾನ ಇಳಿಯುವ ದ್ರವ, ತುಂಡಿನ ಹತ್ತು ಪಟ್ಟಾದರೂ ಇರಬೇಕು. ಕರುಳನ್ನು ಕೊಳವೆಯಾಗಿಯೇ ಹಾಕಬೇಡಿ, ಉದ್ದಕ್ಕೆ ಸೀಳಿ ಬಿಡಿಸಿ ಹಾಕಿ. ವಿಲ್ಲೈಗಳು ಗಿಡ್ಡವಾಗಿ ಕಂಡರೆ ರೋಗ ಅಂತ ಬರೆಯುವ ಮೊದಲು ಕ್ರಿಪ್ಟ್ ನೋಡಿ. ಕ್ರಿಪ್ಟ್‌ಗಳು ಉದ್ದಕ್ಕೆ ಕಾಣದೆ ಬಳೆಗಳ ಹಾಗೆ ದುಂಡಗೆ ಕಂಡರೆ ಬ್ಲಾಕ್ ಓರೆಯಾಗಿ ಕತ್ತರಿಸಿದೆ, ಅಂಗಾಂಶದಲ್ಲಿ ಏನೂ ದೋಷ ಇಲ್ಲ, ಮತ್ತೆ ಕೂರಿಸಿ ಕತ್ತರಿಸಿ. ಇನ್ನು ಲೋಳೆ ಪದರ ನೋಡಬೇಕಿದ್ದವರು ಫಾರ್ಮಲಿನ್ ಬಿಟ್ಟು ಕಾರ್ನಾಯ್ ದ್ರಾವಣ ಬಳಸಿ, ಫಾರ್ಮಲಿನ್‌ನಲ್ಲಿ ಅದು ಕುಗ್ಗಿ ಮಾಯವಾಗುತ್ತದೆ.

ಸರಿಮಾಡಿದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ, ತಾರೀಖು ಮತ್ತು ಮಾಡಿದವರ ಹೆಸರಿನ ಜೊತೆ ಲಾಗ್‌ಬುಕ್ಕಿನಲ್ಲಿ. ಫ್ರಿಜ್ ರಿಪೇರಿಗೆ ಹೋದದ್ದು, ಸಾಗಿಸುವವರು ಬದಲಾದದ್ದು, ಪಿಬಿಎಸ್ ಬೇರೆ ಕಡೆಯಿಂದ ತರಿಸಿದ್ದು, ಇವೂ ಅದೇ ಪುಸ್ತಕದಲ್ಲಿ ಬರಬೇಕು. ನಮ್ಮ ಐದು ಸ್ಯಾಂಪಲ್ ಹೋದಾಗ ಪ್ರಯೋಗದ ಪುಸ್ತಕದಲ್ಲಿ ಎಲ್ಲವೂ ಇತ್ತು, ಫ್ರಿಜ್ ವಿಷಯ ಮಾತ್ರ ಬೇರೆ ಯಾರದೋ ಮೆಸೇಜ್‌ನಲ್ಲಿ ಇತ್ತು.

ಮುಂದಿನ ಮೂರು ಸ್ಯಾಂಪಲ್‌ಗಳ ಸಾಕ್ಷಿ ತುಂಡುಗಳನ್ನು ಕಲ್ಚರ್ ಚೆನ್ನಾಗಿದ್ದರೂ ಪ್ರೊಸೆಸ್ ಮಾಡಿ. ಚೆನ್ನಾಗಿರುವ ಅಂಗಾಂಶ ನಿಮ್ಮ ಲ್ಯಾಬಿನ ಸ್ಲೈಡ್‌ನಲ್ಲಿ, ನಿಮ್ಮ ಕೈಯಲ್ಲಿ ಹೇಗೆ ಕಾಣುತ್ತದೆ ಅನ್ನುವುದು ಆಗ ಸಿಗುತ್ತದೆ. ಆ ಫೋಟೋಗಳನ್ನು ಪ್ರಿಂಟ್ ಹಾಕಿ ಮೈಕ್ರೋಸ್ಕೋಪ್ ಪಕ್ಕದ ಗೋಡೆಗೆ ಅಂಟಿಸಿ. ಹೆಪ್ಪುಗಟ್ಟಿ ಹಾಳಾದದ್ದು ಒಂದು, ತಡವಾಗಿ ಕೊಳೆತದ್ದು ಒಂದು, ಚೆನ್ನಾಗಿರುವುದು ಒಂದು. ನಮ್ಮಲ್ಲಿ ಈಗ ಹೊಸದಾಗಿ ಸೇರಿದವರಿಗೆ ಮೊದಲ ದಿನ ಈ ಮೂರನ್ನೇ ತೋರಿಸುತ್ತೇವೆ, ಪೈಪೆಟ್ ಕೈಗೆ ಕೊಡುವುದು ಆಮೇಲೆ.